ಕಿರೀಟ ನೆಲಕ್ಕೆ ಇಡ್ಲಿಕ್ಕಿಲ್ಲ: ಕಾಸರಗೋಡಿನ ಒಂದು ಯಕ್ಷಗಾನ ವೇಷಭೂಷಣ ಬಾಡಿಗೆ ಸೇವೆ

ಯಕ್ಷಗಾನದ ವೇಷ ಬಾಡಿಗೆಗೆ ತರುವುದು ಶಾಮಿಯಾನ ತಂದ ಹಾಗಲ್ಲ. ಬಾಡಿಗೆ ಕುರ್ಚಿಯಲ್ಲಿ ನಿನ್ನೆ ಯಾರು ಕೂತಿದ್ದರು ಎಂದು ಯಾರೂ ಕೇಳುವುದಿಲ್ಲ. ಕಿರೀಟ ನಿನ್ನೆ ಯಾರ ತಲೆಯಲ್ಲಿತ್ತು, ಯಾವ ಕಾರ್ಯಕ್ರಮಕ್ಕೆ ಹೋಗಿತ್ತು ಎಂದು ಕಾಸರಗೋಡಿನ ಕಡೆ ಇವತ್ತಿಗೂ ಕೇಳುತ್ತಾರೆ. ಬಾಯಿ ಬಿಟ್ಟು ಕೇಳದವರೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ವೇಷಭೂಷಣದ ವ್ಯವಹಾರ ಮಾಡುವವರು ಬಟ್ಟೆ, ಬೇಗಡೆ, ಬಣ್ಣಗಳ ಜೊತೆಗೆ ನಂಬಿಕೆಯನ್ನೂ ಸಂಭಾಳಿಸಬೇಕಾಗುತ್ತದೆ. ಬದಿಯಡ್ಕ ಕಡೆಯ ಒಂದು ಬಾಡಿಗೆ ಸೇವೆ ಈ ಕೆಲಸವನ್ನು ಎಲ್ಲಿ ಚೆನ್ನಾಗಿ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ಒಂದು ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆ ಹವ್ಯಾಸಿಗಳು ಆಡಿದ ‘ದೇವಿ ಮಹಾತ್ಮೆ’ಯ ಪೂರ್ತಿ ಸೆಟ್ಟು, ಶಾಲಾ ಕಲೋತ್ಸವಕ್ಕೆ ಹೋದ ಇನ್ನೊಂದು ಸೆಟ್ಟು, ಎರಡನ್ನೂ ಬಿಚ್ಚಿ, ಕಟ್ಟಿ, ವಾಪಸು ಕಳಿಸಿದ ಮೇಲೆ ಬರೆದದ್ದು. ಅಂಗಡಿಯ ಹೆಸರು ಬೇಡ. ಇಲ್ಲಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಬೇರೆ ಕಡೆಯಿಂದ ತರುವವರಿಗೂ ಉಪಯೋಗಕ್ಕೆ ಬರುತ್ತದೆ.

ಅಂಗಡಿ ಎಂದರೆ ಬೋರ್ಡು ಹಾಕಿದ ಅಂಗಡಿಯಲ್ಲ. ಹಂಚಿನ ಮನೆಗೆ ತಾಗಿಸಿ ಶೀಟು ಹೊದೆಸಿದ ಎರಡು ಕೋಣೆ. ಒಳಗಿನ ಕೋಣೆಯಲ್ಲಿ ‘ಸೇವೆಯ ಸೆಟ್ಟು’, ಹೊರಗಿನದರಲ್ಲಿ ‘ಶಾಲೆಯ ಸೆಟ್ಟು’. ಈ ಎರಡು ಕೋಣೆಯ ಏರ್ಪಾಡೇ ಈ ಸೇವೆಯ ದೊಡ್ಡ ಗುಣ. ದೇವಸ್ಥಾನ, ಭಜನಾ ಮಂದಿರ, ಹರಕೆಯ ಆಟ, ಇವುಗಳಿಗೆ ಹೋಗುವ ಕಿರೀಟ ಮತ್ತು ಆಯುಧಗಳು ಫ್ಯಾನ್ಸಿ ಡ್ರೆಸ್ಸಿಗೆ, ಮದುವೆಯ ಮೆರವಣಿಗೆಗೆ, ಫೋಟೋ ಶೂಟಿಗೆ ಹೋಗುವುದಿಲ್ಲ. ಹೆಚ್ಚು ದುಡ್ಡು ಕೊಡುತ್ತೇವೆ ಎಂದರೂ ಇಲ್ಲ. ಮೇಳದಲ್ಲಿ, ಎಂದರೆ ವೃತ್ತಿ ತಂಡದಲ್ಲಿ, ಈ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಕಿರೀಟ ಮೇಳದ್ದು, ದಿನಾ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಪೂಜೆ ಆಗುತ್ತದೆ, ಇಟ್ಟುಕೊಳ್ಳುವವರು ನಿಗದಿಯಾದ ಕಲಾವಿದರು. ಬಾಡಿಗೆಯಲ್ಲಿ ಕಿರೀಟ ತಲೆಯಿಂದ ತಲೆಗೆ, ಊರಿನಿಂದ ಊರಿಗೆ ಹೋಗುತ್ತದೆ. ಮಾಂತ್ರಿಕ ನಂಬಿಕೆಯನ್ನು ಅಭ್ಯಾಸ ಮಾಡಿದ ಫ್ರೇಜರನಂಥ ವಿದ್ವಾಂಸರು ಅದರ ಬೇರು ಎರಡು ಎನ್ನುತ್ತಾರೆ: ಒಂದರ ಹಾಗೆ ಕಾಣುವುದು ಅದೇ ಆಗುತ್ತದೆ, ಒಮ್ಮೆ ತಾಗಿದ್ದು ಬಿಟ್ಟ ಮೇಲೂ ತಾಗಿಯೇ ಇರುತ್ತದೆ. ವೇಷ ಕಟ್ಟುವುದು ಮೊದಲನೆಯದು, ಬಾಡಿಗೆಗೆ ತರುವುದು ಎರಡನೆಯದು. ಈ ಅಂಗಡಿಯವರು ಫ್ರೇಜರನನ್ನು ಓದಿರಲಿಕ್ಕಿಲ್ಲ. ಆದರೆ ಎರಡನೆಯ ನಿಯಮಕ್ಕೆ ಎರಡು ಕೋಣೆ ಕಟ್ಟಿಸಿದ್ದಾರೆ.

ಇದರಿಂದ ಗಿರಾಕಿಗೆ ನೇರ ಲಾಭವೂ ಇದೆ. ಸೇವೆಯ ಸೆಟ್ಟು ಕಡಿಮೆ ಓಡಾಡುವುದರಿಂದ ಕಡಿಮೆ ಸವೆದಿದೆ. ಕಿರೀಟದ ಬೇಗಡೆ ಹೊಳಪು ಬಿಟ್ಟಿಲ್ಲ, ಕನ್ನಡಿ ಚೂರುಗಳು ಉದುರಿಲ್ಲ, ಭುಜಕೀರ್ತಿಯ ದಾರ ಹೊಸದು. ಶಾಲೆಯ ಸೆಟ್ಟು ಬೇರೆ ಕಥೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆ. ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಕಲೋತ್ಸವದ ದಿನಗಳು ಬಂದರೆ ಅದೇ ಆರೇಳು ಕಿರೀಟಗಳು ದಿನ ಬಿಟ್ಟು ದಿನ ಜೀಪು ಹತ್ತುತ್ತವೆ. ಬಂದ ಶಾಲೆಯ ಸೆಟ್ಟಿನಲ್ಲಿ ಎರಡು ಕಿರೀಟ ಥರ್ಮೋಕೋಲಿನವು. ಅವುಗಳ ಬಗ್ಗೆ ಮುಂದೆ.

ದೇವಿ ಮಹಾತ್ಮೆಗೆ ಏನೆಲ್ಲ ಬರುತ್ತದೆ ಎಂದು ಫೋನಿನಲ್ಲಿ ಕೇಳಿದರೆ ಅವರು ದರ ಹೇಳುವುದಿಲ್ಲ. ಪ್ರಸಂಗ ಕೇಳುತ್ತಾರೆ, ಎಲ್ಲಿಂದ ಎಲ್ಲಿಯವರೆಗೆ ಆಡುತ್ತೀರಿ ಎಂದು ಕೇಳುತ್ತಾರೆ, ಆಮೇಲೆ ವೇಷ ಎಣಿಸುತ್ತಾರೆ. ಇದು ಸರಿಯಾದ ಕ್ರಮ. ಬ್ರಹ್ಮ, ವಿಷ್ಣು, ಮಧು, ಕೈಟಭ, ಮಾಲಿನಿ, ವಿದ್ಯುನ್ಮಾಲಿ, ಮಹಿಷಾಸುರ, ದೇವೇಂದ್ರ, ದೇವಿ, ಚಂಡ, ಮುಂಡ, ಧೂಮ್ರಾಕ್ಷ, ರಕ್ತಬೀಜ, ಶುಂಭ, ನಿಶುಂಭ, ಮೇಲೆ ಹಾಸ್ಯ. ಮಧು ಕೈಟಭರ ಸಾಮಾನು ಚಂಡ ಮುಂಡರಿಗೆ ಮತ್ತೆ ಆಗುತ್ತದೆ. ಹಾಗೆ ಜೋಡಿಸಿ ಬಾಡಿಗೆ ತಗ್ಗಿಸಿ ಕೊಡುತ್ತಾರೆ. ಆದರೆ ಒಂದು ಜೋಡಣೆಗೆ ಒಪ್ಪುವುದಿಲ್ಲ: ಬೇರೆ ಯಾವ ಸ್ತ್ರೀವೇಷಕ್ಕೂ ದೇವಿಯ ಕಿರೀಟ, ತ್ರಿಶೂಲ ಕೊಡುವುದಿಲ್ಲ. ಮಾಲಿನಿಗೆ ಬೇರೆಯೇ ಬರುತ್ತದೆ. ಮಹಿಷನನ್ನು ಹೆತ್ತವಳ ತಲೆಗೆ ಇಟ್ಟದ್ದನ್ನು ಅವನನ್ನು ಕೊಲ್ಲುವವಳ ತಲೆಗೆ ಇಡುವುದು ಹೇಗೆ ಎಂಬ ವಾದ. ರಂಗದ ಲೆಕ್ಕದಲ್ಲೂ ಇದು ಸರಿಯೇ. ಆಮೇಲೆ ಬರುವ ದೇವಿಯ ಕಿರೀಟವನ್ನು ಪ್ರೇಕ್ಷಕರು ಅದೇ ರಾತ್ರಿ ಮೊದಲೇ ನೋಡಿರಬಾರದು. ಉಯ್ಯಾಲೆಯಲ್ಲಿ ದೇವಿ ಕಾಣಿಸಿಕೊಂಡಾಗ ಜನ ಎದ್ದು ಕೈ ಮುಗಿಯುವ ಊರು ಇದು. ಅಲ್ಲಿ ಹಳೆಯ ವಸ್ತು ಕಂಡರೆ ಕೈ ಅರ್ಧಕ್ಕೆ ನಿಲ್ಲುತ್ತದೆ.

ಈಗ ಪೆಟ್ಟಿಗೆ. ಕಿರೀಟಗಳಿಗೆ ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಹಳೆ ಹತ್ತಿ ಸೀರೆಯ ಮೆತ್ತೆ, ಒಂದೊಂದು ಕಿರೀಟಕ್ಕೆ ಒಂದೊಂದು ಗೂಡು. ಮುಚ್ಚಳದ ಒಳಭಾಗದಲ್ಲಿ ಕನ್ನಡ ಮತ್ತು ಮಲಯಾಳದಲ್ಲಿ ಅಚ್ಚು ಹಾಕಿಸಿದ ಸೂಚನೆ. ಮೊದಲ ಸಾಲು: ಕಿರೀಟ ನೆಲಕ್ಕೆ ಇಡಬಾರದು. ಸಾಮಾನು ಇಳಿಸಲು ಬಂದ ಹುಡುಗನೂ ಬಾಯಿಯಲ್ಲಿ ಹೇಳುತ್ತಾನೆ, “ಅಣ್ಣಾ, ಕಿರೀಟ ಮಾತ್ರ ನೆಲಕ್ಕೆ ಇಡ್ಲಿಕ್ಕಿಲ್ಲ ಆಯ್ತಾ, ಬೆಂಚೋ ಮಣೆಯೋ ಎಂತಾದ್ರೂ ಕೊಡಿ.” ಕಿರೀಟದಲ್ಲಿ ದೈವಾಂಶ ಇದೆ ಎಂಬುದು ಚೌಕಿಯ ನಂಬಿಕೆ. ಜೊತೆಗೆ ಇನ್ನೊಂದು ಸಂಗತಿ ಇದೆ. ನಮ್ಮ ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಕಿರೀಟ ಹಗುರ ಮರದ್ದು, ಮೇಲೆ ಬೇಗಡೆ ಅಂಟಿಸಿದ್ದು. ನಮ್ಮ ಕಡೆಯ ಚೌಕಿ ಎಂದರೆ ಹೆಚ್ಚಾಗಿ ಗದ್ದೆಯಲ್ಲೋ ಅಂಗಳದಲ್ಲೋ ತೆಂಗಿನ ಮಡಲು ಹಾಸಿದ ನೆಲ. ರಾತ್ರಿ ಇಬ್ಬನಿ ಬಿದ್ದು ನೆಲ ಹಸಿ ಆಗುತ್ತದೆ. ಅಲ್ಲಿ ಇಟ್ಟರೆ ಬುಡದ ಬೇಗಡೆಯ ಅಂಟು ಬಿಡುತ್ತದೆ, ಗೆದ್ದಲು ಸಿಕ್ಕಿದರೆ ಮುಗಿಯಿತು. ಕಾಲು ತಾಗಿ ಉರುಳಿದರೆ ತುರಾಯಿ ಮುರಿಯುತ್ತದೆ. ನಂಬಿಕೆ ಇಲ್ಲದವನಿಗೂ ಈ ನಿಯಮ ಪಾಲಿಸಿದರೆ ನಷ್ಟವಿಲ್ಲ, ಪಾಲಿಸದಿದ್ದರೆ ಠೇವಣಿ ಹೋಗುತ್ತದೆ.

ಎಲ್ಲ ನಂಬಿಕೆಯೂ ಹೀಗೆ ವಸ್ತುವನ್ನು ಕಾಪಾಡುತ್ತದೆ ಎಂದುಕೊಂಡರೆ ಮೋಸ. ದೇವಿಯ ಕಿರೀಟದ ಗೂಡಿನಲ್ಲಿ ಒಂದು ನಿಂಬೆಹಣ್ಣು ಇತ್ತು, ದೃಷ್ಟಿ ತಾಗದಿರಲಿ ಎಂದು ಇಟ್ಟದ್ದು. ಹಿಂದಿನ ಆಟದ್ದೋ ಅದರ ಹಿಂದಿನದ್ದೋ, ಮೆತ್ತಗಾಗಿ ಒಡೆದು ಕರ್ಣಪತ್ರದ ಅಂಚಿನ ಬೇಗಡೆಯನ್ನು ಎರಡು ಬೆರಳು ಅಗಲ ಕಂದು ಮಾಡಿದೆ. ಹುಳಿರಸ ತಾಗಿದ ಲೋಹದ ಹಾಳೆ ಬಣ್ಣ ಕೆಡದೆ ಇನ್ನೇನು. ಹಾಗೆಯೇ ಪೂಜೆಯ ಗಂಧ, ಕುಂಕುಮವನ್ನು ನೇರವಾಗಿ ಎದೆಪದಕದ ಮಖಮಲ್ಲಿಗೆ ಹಚ್ಚಿದ್ದಾರೆ. ಆ ಕಲೆ ಹೋಗುವುದಿಲ್ಲ, ಬೆವರು ಸೇರಿದಾಗ ಹಾಕಿಕೊಂಡವರ ದಗಲೆಗೂ (ವೇಷದ ಮೇಲಂಗಿ) ಇಳಿಯುತ್ತದೆ. ನಿಂಬೆಹಣ್ಣನ್ನು ಪೆಟ್ಟಿಗೆಯ ಹೊರಗೆ ಹಿಡಿಗೆ ಕಟ್ಟಬಹುದು, ಗಂಧವನ್ನು ಕಿರೀಟದ ಒಳಮೈಯ ಮರಕ್ಕೆ ಇಡಬಹುದು. ಅಂಗಡಿಯವರಿಗೆ ಹೇಳಿದಾಗ ನಕ್ಕು, “ಮನೆಯಲ್ಲಿ ಅಮ್ಮ ಇಡುವುದು” ಎಂದರು. ಅಮ್ಮನಿಗೆ ಯಾರು ಹೇಳುವುದು ಎಂಬುದು ಬೇರೆ ಪ್ರಶ್ನೆ.

ಸೂಚನೆಯ ಹಾಳೆಯಲ್ಲಿ ಒಂದು ಸಾಲು ತೆಗೆಯಲೇಬೇಕು. ಚೌಕಿಗೆ ಹೆಣ್ಣುಮಕ್ಕಳು ಯಾವಾಗ ಬರಬಾರದು ಎಂದು ಹೇಳುವ ಸಾಲು ಅದು. ಶಾಲೆಯ ಸೆಟ್ಟಿನ ಮುಖ್ಯ ಗಿರಾಕಿಗಳೇ ಹೆಣ್ಣುಮಕ್ಕಳ ತಂಡಗಳು. ಅವರಿಗೆ ಕೊಡುವಾಗ ಅಂಗಡಿಯವರು ಏನನ್ನೂ ಕೇಳುವುದಿಲ್ಲ, ಕೇಳಬಾರದು ಕೂಡ. ತಾವೇ ಪಾಲಿಸದ್ದನ್ನು ಅಚ್ಚು ಹಾಕಿಸಿ ಮುಚ್ಚಳಕ್ಕೆ ಅಂಟಿಸುವುದು ಯಾಕೆ?

ಚೌಕಿಪೂಜೆಗೆ ಬೇಕಾದ್ದನ್ನು ಕೇಳದೆ ಕಳಿಸುತ್ತಾರೆ. ಒಂದು ಮಣೆ, ಕೆಂಪು ವಸ್ತ್ರ, ಗಣಪತಿಯ ಸಣ್ಣ ವಿಗ್ರಹ. ದೀಪ, ಹೂ, ತೆಂಗಿನಕಾಯಿ ಆಡಿಸುವವರದ್ದು. ಗಣಪತಿಯ ಎದುರು ಕಿರೀಟ, ಆಯುಧ, ಗೆಜ್ಜೆ ಇಟ್ಟು, ಪೂಜೆ ಆದ ಮೇಲೆ ಅಲ್ಲಿಂದಲೇ ಗೆಜ್ಜೆ ಎತ್ತಿ ಕೊಡುವುದು ಪದ್ಧತಿ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಇದರ ಮೂಲ ಭಯ ಇದೆ: ಮೊದಲ ನಾಟಕ ನಡೆಯುತ್ತಿರುವಾಗ ವಿಘ್ನಗಳು ಬಂದು ನಟರ ಮಾತು, ಚಲನೆ, ನೆನಪು ಮೂರನ್ನೂ ಕಟ್ಟಿಹಾಕುತ್ತವೆ, ಇಂದ್ರ ಧ್ವಜದ ಕೋಲಿನಿಂದ ಅವುಗಳನ್ನು ಬಡಿದು ಜಜ್ಜುತ್ತಾನೆ, ಆ ಕೋಲಿಗೇ ಜರ್ಜರ ಎಂದು ಹೆಸರು. ಅಭ್ಯಾಸ ಸಾಲದ ಹವ್ಯಾಸಿ ರಂಗಕ್ಕೆ ಹೋದಾಗ ಆಗುವುದೂ ಅದೇ ಮೂರು. ಅರ್ಥ (ಆಡಬೇಕಾದ ಮಾತು) ಮರೆಯುತ್ತದೆ, ನಾಲಗೆ ಒಣಗುತ್ತದೆ, ಕಾಲು ತಾಳ ಬಿಡುತ್ತದೆ. ಗೆಜ್ಜೆಯನ್ನು ಚೀಲದಿಂದ ತೆಗೆದು ಕಟ್ಟಿಕೊಳ್ಳುವುದಕ್ಕೂ ದೀಪದ ಎದುರಿನಿಂದ ಒಬ್ಬರು ಎತ್ತಿ ಕೈಗೆ ಕೊಡುವುದಕ್ಕೂ ವ್ಯತ್ಯಾಸ ಇದೆ. ಗಲಾಟೆ ಮಾಡುತ್ತಿದ್ದ ಚೌಕಿ ಆ ಎರಡು ನಿಮಿಷ ಸುಮ್ಮನಾಗುತ್ತದೆ. ಕಾಸರಗೋಡಿನಲ್ಲೇ ತೆಯ್ಯಂ ಎಂಬ ದೈವದ ವೇಷ ಕಟ್ಟುವವರಿಗೆ ಇದೇ ಜಾಗದಲ್ಲಿ ಕನ್ನಡಿ ಇದೆ. ಮುಡಿ (ತೆಯ್ಯಂನ ಕಿರೀಟ) ಏರಿದ ಮೇಲೆ ಕನ್ನಡಿಯಲ್ಲಿ ಮುಖ ನೋಡಿಕೊಂಡ ಗಳಿಗೆಯಿಂದ ಅವನು ಅವನಲ್ಲ, ದೈವ.

ಗೆಜ್ಜೆಯ ಬಗ್ಗೆ ಒಂದು ದೂರು. ಎಣಿಸಿ ತೆಗೆದುಕೊಳ್ಳಿ ಎಂದು ಅವರು ಹೇಳುತ್ತಾರೆ, ತಾವು ಎಣಿಸಿ ಕಳಿಸುವುದಿಲ್ಲ. ಒಂದು ಜೋಡಿಯ ಎಡಗಾಲಿನದ್ದರಲ್ಲಿ 7 ಗೆಜ್ಜೆ ಉದುರಿತ್ತು. ಧೀಂಗಿಣ ಹೊಡೆಯುವ, ಎಂದರೆ ಹಾರಿ ಸುತ್ತು ತಿರುಗುವ, ಪುಂಡುವೇಷಕ್ಕೆ (ತರುಣ ವೀರರ ಪಾತ್ರ) ಎಡಬಲ ಸದ್ದು ಬೇರೆಯಾದರೆ ಮದ್ದಳೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಬಂದ ಕೂಡಲೇ ಎರಡನ್ನೂ ಒಟ್ಟಿಗೆ ಅಲ್ಲಾಡಿಸಿ ಕೇಳಿ, ಆಮೇಲೆ ಸಹಿ ಹಾಕಿ.

ಈ ಸೇವೆಗೆ ನಿಜವಾಗಿ ದುಡ್ಡು ಕೊಡಬೇಕಾದದ್ದು ಬಣ್ಣಗಾರಿಕೆಗೆ. ಸೆಟ್ಟಿನ ಜೊತೆಗೆ ಇಬ್ಬರು ಬರುತ್ತಾರೆ. ಒಬ್ಬರು ಕಟ್ಟುವವರು, ಇನ್ನೊಬ್ಬರು ಬರೆಯುವವರು. ವೃತ್ತಿಮೇಳದಲ್ಲಿ ಕಲಾವಿದರು ತಮ್ಮ ಮುಖ ತಾವೇ ಬರೆದುಕೊಳ್ಳುತ್ತಾರೆ, ಎದುರಿಗೆ ಕನ್ನಡಿ ಇಟ್ಟುಕೊಂಡು, ಒಂದೊಂದೇ ಗೆರೆಗೆ ಒಂದಿಷ್ಟು ತಾವು ಕರಗುತ್ತಾ. ಹವ್ಯಾಸಿಗೆ ಆ ಅಭ್ಯಾಸ ಇಲ್ಲ, ಹಾಗಾಗಿ ಬರೆಸಿಕೊಳ್ಳುತ್ತಾನೆ. ಮಹಿಷಾಸುರನ ಚುಟ್ಟಿಗೆ ಇವರು 3 ಗಂಟೆ ತೆಗೆದುಕೊಂಡರು. ಆ ಕೆಲಸ ನೋಡುವಂತಿದೆ.

ಚುಟ್ಟಿ ಎಂದರೆ ಮುಖದ ಮೇಲೆ ಬೊಟ್ಟು ಬೊಟ್ಟಾಗಿ ಇಡುವ ಅಕ್ಕಿ ಹಿಟ್ಟು ಮತ್ತು ಸುಣ್ಣ. ಬೆಳ್ತಿಗೆ ಅಕ್ಕಿಯನ್ನು ಹಿಂದಿನ ರಾತ್ರಿ ನೆನೆಹಾಕಿ, ಕಡೆಯುವ ಕಲ್ಲಿನಲ್ಲಿ ಬೆಣ್ಣೆಯ ಹಾಗೆ ಅರೆದು, ತೆಳು ಬಟ್ಟೆಯಲ್ಲಿ ಸೋಸಿ ತಂದಿದ್ದರು. ಮಿಕ್ಸಿಯಲ್ಲಿ ಅರೆದರೆ ಕಣ್ಣಿಗೆ ಕಾಣದ ತರಿ ಉಳಿಯುತ್ತದೆ. ಒಣಗಿದ ಮೇಲೆ ಬೊಟ್ಟು ಆ ತರಿಯ ಜಾಗದಲ್ಲೇ ಬಿರಿದು ಉದುರುತ್ತದೆ. ಸುಣ್ಣ ಎಲೆ ಅಡಿಕೆಗೆ ಹಾಕುವಂಥದ್ದೇ, ಅಕ್ಕಿಯ ಮುಂದೆ ಅದರ ಪ್ರಮಾಣ ಕಡಿಮೆ. ಹೆಚ್ಚಾದರೆ ಕೆನ್ನೆ ಉರಿದು ಮರುದಿನ ಸಿಪ್ಪೆ ಏಳುತ್ತದೆ, ಕಡಿಮೆಯಾದರೆ ಹಿಟ್ಟು ಗಟ್ಟಿ ನಿಲ್ಲದೆ ಬೆವರಿಗೆ ಜಾರುತ್ತದೆ. ಬೆರೆಸಿ ಬಹಳ ಹೊತ್ತು ಇಟ್ಟ ಹಿಟ್ಟು ಕೆಡುತ್ತದೆ. ಹಾಗಾಗಿ ಒಟ್ಟಿಗೆ ಬೆರೆಸದೆ ಅರ್ಧರ್ಧ ಕಪ್ಪಿನಷ್ಟು ಆಗಾಗ ಬೆರೆಸಿಕೊಂಡರು.

ಮುಖಕ್ಕೆ ಮೊದಲು ತೆಂಗಿನೆಣ್ಣೆ. ಅಂಗೈಗೆ ತಾಗಿದಷ್ಟೇ. ಜಾಸ್ತಿ ಎಣ್ಣೆ ಹಚ್ಚಿದ ಮುಖದಲ್ಲಿ ಚುಟ್ಟಿ ನಿಲ್ಲುವುದಿಲ್ಲ. ಆಮೇಲೆ ತಳದ ಬಣ್ಣ, ಕೆಂಪು, ಕಾಡಿಗೆಯ ಗೆರೆಗಳು. ಗೆರೆ ಒಣಗಿದ ಮೇಲೆ ತೆಂಗಿನ ಗರಿಯ ಕಡ್ಡಿಯ ತುದಿಯಿಂದ ಬೊಟ್ಟು. ಎಡಕ್ಕೆ ಒಂದು ಇಟ್ಟರೆ ಬಲಕ್ಕೆ ಒಂದು, ಮೂಗಿನಿಂದ ಹೊರಕ್ಕೆ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಮೊದಲಿನದು ಒಣಗಿ ಚರ್ಮ ಎಳೆದಿರುತ್ತದೆ, ಎರಡೂ ಬದಿ ಸಮ ಬರುವುದಿಲ್ಲ. ಮೊದಲ ಸುತ್ತು ಒಣಗಿದ ಮೇಲೆ ಅದರ ಮೇಲೆ ಎರಡನೆಯದು, ಮುಳ್ಳಿನ ಹಾಗೆ ಏಳುವಂತೆ. ಅಷ್ಟು ಹೊತ್ತು ಮಾತಾಡಬಾರದು, ನಗಬಾರದು. ನಕ್ಕರೆ ವೇಷ ಮುನಿಯುತ್ತದೆ ಎಂದು ಹೇಳಿ ಮಕ್ಕಳನ್ನು ಹೊರಗೆ ಕಳಿಸಿದರು. ಮುನಿಯುವುದು ವೇಷವೋ ಹಿಟ್ಟೋ, ಬಿರುಕು ಬರುವುದಂತೂ ಖಂಡಿತ.

ಇನ್ನೊಂದು ಸೂಕ್ಷ್ಮ. ಕಡ್ಡಿಯ ಮೊದಲ ಬೊಟ್ಟನ್ನು ಮುಖಕ್ಕೆ ಇಡಲಿಲ್ಲ, ಕನ್ನಡಿಯ ಮೇಲಿನ ಮೂಲೆಗೆ ಇಟ್ಟರು. ಕೇಳಿದರೆ, “ಅದು ಗಣಪತಿಗೆ” ಎಂದರು. ಇಟ್ಟು ಒಂದು ಕ್ಷಣ ನೋಡಿದರು. ಬೊಟ್ಟು ಗಾಜಿನ ಮೇಲೆ ಕೆಳಗೆ ಇಳಿಯಿತು. ಹಿಟ್ಟಿಗೆ ಇನ್ನೊಂದು ಚಿಟಿಕೆ ಸುಣ್ಣ ಸೇರಿಸಿದರು. ಎರಡನೆಯ ಬೊಟ್ಟು ನಿಂತಿತು, ಆಮೇಲೆ ಮುಖಕ್ಕೆ ಕೈ ಹಾಕಿದರು. ಬಣ್ಣಗಾರಿಕೆ ಗೊತ್ತಿರುವವರನ್ನು ಗುರುತಿಸಲು ಇಷ್ಟು ಸಾಕು.

ಬಣ್ಣದ ಡಬ್ಬಿಗಳನ್ನು ತಪ್ಪದೆ ಪರೀಕ್ಷಿಸಿ. ಹಳೆಯ ಕಾಲದಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ. ಒಂದು ಆರ್ಸೆನಿಕ್ ಮತ್ತು ಗಂಧಕ ಸೇರಿದ್ದು, ಇನ್ನೊಂದು ಪಾದರಸ ಮತ್ತು ಗಂಧಕ ಸೇರಿದ್ದು. ಭೂತಕೋಲದಲ್ಲಿ ಅರದಾಳದ ಹಳದಿಗೆ ಈಗಲೂ ಬೇರೆಯೇ ಸ್ಥಾನ ಇದೆ, ಆ ಹಳದಿ ಬಿದ್ದ ಮುಖವೇ ದೈವದ ಮುಖ. ಆದರೆ ಎರಡೂ ವಿಷ. ಕಣ್ಣಿನ ಅಂಚಿಗೆ, ತುಟಿಗೆ ಹಚ್ಚುವಂಥದ್ದಲ್ಲ, ಶಾಲೆಯ ಮಕ್ಕಳಿಗೆ ಕೇಳುವುದೇ ಬೇಡ. ಈ ಅಂಗಡಿಯವರು ಅವೆರಡನ್ನೂ ಬಿಟ್ಟಿದ್ದಾರೆ; ಬಿಳಿಗೆ ಜಿಂಕ್ ಆಕ್ಸೈಡ್, ಉಳಿದದ್ದಕ್ಕೆ ನಾಟಕದ ಬಣ್ಣದ ಪುಡಿ. ಸರಿ. ಆದರೆ ಒಂದು ಕೆಂಪು ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ. ಹೆಸರಿಲ್ಲದ ಪುಡಿಯನ್ನು ಮುಖಕ್ಕೆ ಹಚ್ಚಿಸಿಕೊಳ್ಳಬೇಡಿ, ರಂಗೋಲಿಯದ್ದೂ ಇರಬಹುದು. ತೆಗೆಯುವಾಗ ಮೊದಲು ಚುಟ್ಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಆಮೇಲೆ ತೆಂಗಿನೆಣ್ಣೆಯಿಂದ ಬಣ್ಣ ಒರೆಸಿ, ಕೊನೆಗೆ ಸೋಪು. ಒಣ ಚುಟ್ಟಿಯನ್ನು ಕಿತ್ತರೆ ಹುಬ್ಬೂ ಬರುತ್ತದೆ.

ಬೆಳಕಿನ ವಿಷಯ ಅಂಗಡಿಯವರ ಕೈಯಲ್ಲಿಲ್ಲ, ಆದರೂ ಹೇಳಬೇಕು. ಈ ಮುಖವರ್ಣಿಕೆ ಹುಟ್ಟಿದ್ದು ದೊಂದಿಯ ಬೆಳಕಿಗೆ. ಅಲ್ಲಾಡುವ ಬೆಂಕಿಯಲ್ಲಿ ಚುಟ್ಟಿಯ ಒಂದೊಂದು ಬೊಟ್ಟಿಗೂ ನೆರಳು ಬೀಳುತ್ತದೆ, ನೆರಳು ಸರಿದಾಡಿದಾಗ ಮುಖ ತಾನೇ ಉಸಿರಾಡಿದ ಹಾಗೆ ಕಾಣುತ್ತದೆ. ಹೆದರಿಸುವುದು ಅದು. ಎದುರಿನಿಂದ ಬೆಳ್ಳಗಿನ ಎಲ್‌ಇಡಿ ಹೊಡೆದರೆ ನೆರಳೇ ಇಲ್ಲ, 3 ಗಂಟೆಯ ಕೆಲಸ ಗೋಡೆಗೆ ಸುಣ್ಣ ಬಳಿದಂತೆ ಚಪ್ಪಟೆ. ಮಹಿಷನ ಪ್ರವೇಶಕ್ಕಾದರೂ ಎದುರಿನ ದೀಪ ಆರಿಸಿ, ಹಳದಿ ಬೆಳಕನ್ನು ಎರಡು ಬದಿಯಿಂದ ಕೊಡಿ.

ಆ ಪ್ರವೇಶಕ್ಕೆ ಬೇಕಾದ ರಾಳದ ಹುಡಿಯನ್ನೂ ಇವರೇ ಕೊಡುತ್ತಾರೆ, 250 ಗ್ರಾಮಿನ ಪೊಟ್ಟಣ. ಮಹಿಷಾಸುರ ಚೌಕಿಯಿಂದ ಬರುವುದಿಲ್ಲ, ಸಭೆಯ ಹಿಂದಿನಿಂದ, ಸೂಟೆಗಳ (ತೆಂಗಿನ ಗರಿಯ ಪಂಜು) ನಡುವೆ, ಜನರನ್ನು ಸೀಳಿಕೊಂಡು ಬರುತ್ತಾನೆ. ಸೂಟೆಯ ಮೇಲೆ ರಾಳ ಎರಚಿದಾಗ ಭುಗಿಲೆಂದು ಬೆಂಕಿಯ ಉಂಡೆ ಏಳುತ್ತದೆ. ರಾಳ ಮರದ ಅಂಟು, ಧೂಪಕ್ಕೆ ಹಾಕುವುದೂ ಇದೇ ಜಾತಿಯದ್ದು. ಕೆಟ್ಟದ್ದನ್ನು ಓಡಿಸಲು ಹಾಕುವ ಹೊಗೆ ಇಲ್ಲಿ ರಾಕ್ಷಸನ ಬೆನ್ನಿಗೇ ಬರುತ್ತದೆ ಎಂಬುದು ವಿಚಿತ್ರ. ಊರಿನ ಹಳಬರು ಹೇಳುವುದು ಬೇರೆ: ರಾಳ ಮಹಿಷನಿಗಲ್ಲ, ಅವನು ನಡೆದು ಬಂದ ದಾರಿಯ ಎರಡು ಬದಿ ಕೂತ ಮಕ್ಕಳ ರಕ್ಷೆಗೆ.

ರಕ್ಷೆ ಇರಲಿ, ಅಪಾಯ ಇರುವುದೂ ಆ ಮಕ್ಕಳಿಗೇ. ರಾಳ ನುಣ್ಣಗಿದ್ದರೆ ಗಾಳಿಯಲ್ಲಿ ಹರಡಿ ಒಂದೇ ಬಾರಿಗೆ ಉರಿದು ಮುಗಿಯುತ್ತದೆ. ತೇವ ಹಿಡಿದು ಗಂಟಾಗಿದ್ದರೆ ಉರಿಯುವ ಗಂಟು ಕೆಳಗೆ ಬೀಳುತ್ತದೆ, ಬಟ್ಟೆಗೆ ಅಂಟಿಕೊಂಡು ಉರಿಯುತ್ತದೆ. ನಮ್ಮ ಕಡಲ ಗಾಳಿಗೆ ಪೊಟ್ಟಣದ ಹುಡಿ ಗಂಟಾಗಿಯೇ ಬಂದಿತ್ತು. ಮಧ್ಯಾಹ್ನದ ಬಿಸಿಲಿಗೆ ಕಾಗದದ ಮೇಲೆ ಹರವಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಮೇಲೆ ಸರಿಯಾಯಿತು. ಈ ಕೆಲಸವನ್ನು ಅಂಗಡಿಯವರೇ ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ಕೊಡಬೇಕಿತ್ತು. ಎರಚುವವನು ಒಬ್ಬನೇ ಇರಲಿ, ಗಾಳಿಗೆ ಬೆನ್ನು ಮಾಡಿ ನಿಲ್ಲಲಿ, ಒಮ್ಮೆಗೆ ಅರ್ಧ ಮುಷ್ಟಿ, ಜನರಿಂದ ಎರಡು ಮಾರು ದೂರ. ಪಕ್ಕದಲ್ಲಿ ನೀರಿನಲ್ಲಿ ಅದ್ದಿದ ಗೋಣಿಚೀಲ ಎರಡು, ಒಂದು ಬಕೇಟು ಮರಳು.

ಇಲ್ಲಿ ಈ ಸೇವೆಯ ಅತಿ ದೊಡ್ಡ ತಪ್ಪು ಇದೆ. ಮಹಿಷನ ಹೊಸ ದಗಲೆ ಮತ್ತು ಸೋಗೆವಲ್ಲಿ (ಇಳಿಬಿಡುವ ವಸ್ತ್ರ) ಪಾಲಿಯೆಸ್ಟರ್. ಹೊಳಪು ಚೆನ್ನ, ಒಗೆಯುವುದು ಸುಲಭ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಿಲ್ಲ. ಆದರೆ ಬೆಂಕಿಯ ಕಿಡಿ ಬಿದ್ದರೆ ಹತ್ತಿಯ ಹಾಗೆ ಬೂದಿಯಾಗಿ ಉದುರದೆ ಕರಗಿ ಮೈಗೆ ಅಂಟುತ್ತದೆ. ಉಳಿದ ವೇಷಕ್ಕೆ ಪಾಲಿಯೆಸ್ಟರ್ ಇರಲಿ, ಬೆಂಕಿಯ ನಡುವೆ ಬರುವ ಒಂದು ವೇಷಕ್ಕೆ ಹತ್ತಿಯದ್ದೇ ಬೇಕು ಎಂದು ಬುಕ್ ಮಾಡುವಾಗಲೇ ಹೇಳಿ. ಒಳಕೋಣೆಯಲ್ಲಿ ಹಳೆಯ ಹತ್ತಿಯ ಸೆಟ್ಟು ಇದೆ. ಕೇಳಿದರೆ ಮಾತ್ರ ಕೊಡುತ್ತಾರೆ.

ಕಿರೀಟದ ತೂಕಕ್ಕೆ ಬರೋಣ. ಮರದ ಕಿರೀಟ, ಅದರ ಹಿಂದಿನ ಕೇಸರಿತಟ್ಟಿ ಸೇರಿದರೆ ಕುತ್ತಿಗೆ ಬೀಳುತ್ತದೆ ಎಂದು ಶಾಲೆಯವರು ದೂರುತ್ತಾರೆ, ಅದಕ್ಕೇ ಥರ್ಮೋಕೋಲು ಬಂತು. ಚಿಕ್ಕ ಮಕ್ಕಳಿಗೆ ಬೇರೆ ದಾರಿ ಇಲ್ಲ, ಒಪ್ಪಬೇಕು. ದೊಡ್ಡವರ ಬಣ್ಣದ ವೇಷಕ್ಕೆ, ಎಂದರೆ ರಾಕ್ಷಸ ಪಾತ್ರಕ್ಕೆ, ಮಾತ್ರ ತೆಗೆದುಕೊಳ್ಳಬೇಡಿ. ರಾಕ್ಷಸ ತಲೆ ತಿರುಗಿಸುವುದು ನಿಧಾನ, ಮೈಯೊಡನೆ ತಿರುಗುತ್ತದೆ; ಆ ಗತ್ತು ಕಲಿಸಿದ್ದು ಗುರುವಲ್ಲ, ಕಿರೀಟದ ಭಾರ. ಥರ್ಮೋಕೋಲಿನ ಕಿರೀಟ ಇಟ್ಟವನು ಹಕ್ಕಿಯ ಹಾಗೆ ಕತ್ತು ಕುಣಿಸುತ್ತಾನೆ. ಜೊತೆಗೆ ಹಗುರ ಕಿರೀಟ ಬಿಗಿ ನಿಲ್ಲುವುದೂ ಇಲ್ಲ. ಎಷ್ಟು ಬಿಗಿದರೂ ಲಾಡಿ ಥರ್ಮೋಕೋಲನ್ನು ಕೊರೆದು ಸಡಿಲವಾಗುತ್ತದೆ. ಮರದ ಕಿರೀಟ ಕಟ್ಟುವಾಗ ತಲೆಗೆ ಹತ್ತಿ ಬಟ್ಟೆಯ ಪಟ್ಟಿಯನ್ನು ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಸುತ್ತಬೇಕು, ಗಂಟು ಕಿವಿಯ ಹಿಂದೆ ಬರಬೇಕು, ಗಂಟಲಿನ ಕೆಳಗೆ ಅಲ್ಲ. ಗಂಟಲಿಗೆ ಬಿಗಿದರೆ ಅಬ್ಬರಿಸಲು ಸ್ವರ ಬರುವುದಿಲ್ಲ. ಸ್ವರ ಕಟ್ಟಿದರೆ ಮಾಟ ಆಗಿದೆ ಎನ್ನುವ ಮಾತು ಎರಡು ಮೇಳಗಳು ಪೈಪೋಟಿಯಲ್ಲಿ ಆಡುವ ಜೋಡಾಟದ ಕಾಲದಿಂದ ಬಂದದ್ದು. ತಾಯಿತ ಹುಡುಕುವ ಮೊದಲು ಲಾಡಿ ಸಡಿಲಿಸಿ ನೋಡಿ.

ಏನು ಕೊಡುವುದಿಲ್ಲ ಎಂಬುದರಿಂದಲೂ ಅಂಗಡಿಯನ್ನು ಅಳೆಯಬಹುದು. ಪ್ರಸಂಗಗಳಲ್ಲಿ ಪಂಜುರ್ಲಿ, ಗುಳಿಗ ಎಂಬ ತುಳುನಾಡಿನ ದೈವಗಳು ಬರುವುದುಂಟು. ಇತ್ತೀಚೆಗೆ ಸಿನಿಮಾ ನೋಡಿ ಶಾಲೆಯ ವಾರ್ಷಿಕೋತ್ಸವಕ್ಕೂ ‘ಭೂತದ ವೇಷ’ ಕೇಳುವವರು ಹೆಚ್ಚಾಗಿದ್ದಾರೆ. ಇವರು ಬೆನ್ನಿಗೆ ಕಟ್ಟುವ ಅಣಿ ಕೊಡುವುದಿಲ್ಲ, ಲೋಹದ ಮೊಗ (ಮುಖವಾಡ) ಕೊಡುವುದಿಲ್ಲ, ಕಾಲಿಗೆ ಹಾಕುವ ಗಗ್ಗರ ಕೊಡುವುದಿಲ್ಲ. ಮೊಗದಂಥವು ದೈವದ ಭಂಡಾರದಲ್ಲಿ ಇರುವಂಥವು, ಕಟ್ಟುವ ಹಕ್ಕು ಆಯಾ ಸಮುದಾಯದವರದ್ದು. ಯಕ್ಷಗಾನದಲ್ಲಿ ದೇವಿಯ ವೇಷ ಕಟ್ಟಿದವನು ಬಣ್ಣ ತೆಗೆದರೆ ಮತ್ತೆ ಮನುಷ್ಯ, ಅಲ್ಲಿಗೆ ಮುಗಿಯಿತು. ಕೋಲದಲ್ಲಿ ಹಾಗಲ್ಲ, ಅಲ್ಲಿ ಮೊಗ ಪಾತ್ರದ ಗುರುತಲ್ಲ, ದೈವದ್ದೇ ವಸ್ತು. ಎರಡನ್ನೂ ಒಂದೇ ಕಪಾಟಿನಲ್ಲಿ ಇಡದ ಈ ವಿವೇಕ ಎಲ್ಲ ಅಂಗಡಿಗೂ ಇಲ್ಲ.

ಮಳೆಗಾಲದ ತುಳು ತಿಂಗಳು ಆಟಿಯಲ್ಲಿ ಮಾತ್ರ ಇದೇ ಅಂಗಡಿ ವಿವೇಕ ಮರೆಯುತ್ತದೆ. ಆಟಿ ಕಳಂಜ ಮಳೆಗಾಲದ ರೋಗವನ್ನು ಊರಿನಿಂದ ಓಡಿಸಲು ಮನೆಮನೆಗೆ ಬರುವವನು. ಅವನ ಸೊಂಟಕ್ಕೆ ತೆಂಗಿನ ಎಳೆ ಗರಿಯ ಸಿರಿ, ತಲೆಗೆ ಹಾಳೆಯ ಟೊಪ್ಪಿ, ಕೈಯಲ್ಲಿ ಓಲೆಯ ಕೊಡೆ. ಶಾಲೆಗಳ ಆಟಿಯ ಕಾರ್ಯಕ್ರಮಕ್ಕೆಂದು ಇವರು ಕೊಡುವ ಸಿರಿ ಹಸಿರು ಪ್ಲಾಸ್ಟಿಕ್ಕಿನದ್ದು. ಎಳೆ ತೆಂಗಿನ ಗರಿ ನಡೆದಾಗ ಸರಸರ ಎನ್ನುತ್ತದೆ, ಆ ಸದ್ದಿನಿಂದಲೇ ಕಳಂಜ ಬಂದ ಎಂದು ಗೊತ್ತಾಗುವುದು. ಪ್ಲಾಸ್ಟಿಕ್ಕು ಮೂಕ. ಸಿರಿಗೆ ದುಡ್ಡು ಕೊಡಬೇಡಿ; ಕಾರ್ಯಕ್ರಮದ ಬೆಳಿಗ್ಗೆ ತೆಂಗಿನ ಎಳೆ ಗರಿ ಇಳಿಸಿ, ಕಡ್ಡಿ ಬಿಡಿಸಿ, ಬಾಳೆನಾರಿನ ಹಗ್ಗಕ್ಕೆ ಒತ್ತಾಗಿ ಕಟ್ಟಿ, ಕಟ್ಟುವವರೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಸಂಜೆಯವರೆಗೆ ಬಾಡುವುದಿಲ್ಲ. ಹಿಂದಿನ ದಿನವೇ ಕಟ್ಟಿಟ್ಟರೆ ಎಲೆ ಸುರುಟಿಕೊಳ್ಳುತ್ತದೆ.

ಸಮಯದ ಬಗ್ಗೆ ಎಚ್ಚರ ಇರಲಿ. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿಷೇಧ ಇರುವುದರಿಂದ ಈಗ ಹವ್ಯಾಸಿ ಆಟಗಳು ಹೆಚ್ಚಾಗಿ ಕಾಲಮಿತಿಯವು. ಇಡೀ ರಾತ್ರಿಯ ಆಟದಲ್ಲಿ ಮಹಿಷನಿಗೆ ಬರೆಯಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಸಂಜೆ 5ಕ್ಕೆ ಆಟ ಶುರುವಾದರೆ 7ರ ಒಳಗೆ ಮಹಿಷ ಸಿದ್ಧ ಇರಬೇಕು. ಅಂಗಡಿಯವರು ವಾಡಿಕೆಯಂತೆ 4ಕ್ಕೆ ಬಂದು ಸಾಮಾನು ಇಳಿಸುತ್ತಾರೆ, ಇದು ಸಾಲದು. ಬರೆಯುವವರು 3ಕ್ಕೇ ಬರಬೇಕು ಎಂದು ಬುಕ್ಕಿನಲ್ಲಿ ಬರೆಸಿಕೊಳ್ಳಿ. ಮಹಿಷನಿಗೆ ಕೂತವನು ಆಮೇಲೆ ಊಟ ಮಾಡುವಂತಿಲ್ಲ, ಮಧ್ಯಾಹ್ನವೇ ಗಟ್ಟಿ ಉಣ್ಣಿಸಿ. ನೀರಿಗೆ ಒಂದು ಸ್ಟ್ರಾ ಇಟ್ಟುಕೊಳ್ಳಿ.

ವಾಪಸು ಕೊಡುವಾಗ ದಗಲೆಗಳನ್ನು ಒಗೆಯಬೇಡಿ, ನೆರಳಿನಲ್ಲಿ ಆರಿಸಿ ಕೊಡಿ; ಬೆವರಿನ ಒದ್ದೆಯಲ್ಲೇ ಕಟ್ಟಿದರೆ ಮಖಮಲ್ಲು ಮರುದಿನ ನಾರುತ್ತದೆ, ಅದಕ್ಕೆ ಬೇರೆ ದಂಡ ಇದೆ. ಗೆಜ್ಜೆಯನ್ನು ಬೇರೆ ಚೀಲದಲ್ಲಿ ಹಾಕಿ. ಕಿರೀಟದ ಪೆಟ್ಟಿಗೆ ಜೀಪಿನಲ್ಲಿ ಎಲ್ಲಕ್ಕಿಂತ ಮೇಲೆ ಹೋಗಬೇಕು, ಅದರ ಮೇಲೆ ಯಾರೂ ಕೂರಬಾರದು. ರಶೀದಿ ಮಲಯಾಳದಲ್ಲಿ ಬರುತ್ತದೆ, ಕನ್ನಡದಲ್ಲಿ ಕೇಳಿದರೆ ಕೈಯಲ್ಲಿ ಬರೆದು ಕೊಡುತ್ತಾರೆ. ಸೇವೆಯ ಸೆಟ್ಟಿಗೆ ದೀಪಾವಳಿಯ ನಂತರದಿಂದ ಪತ್ತನಾಜೆಯವರೆಗೆ ಮಾತ್ರ ಬುಕ್ಕಿಂಗ್. ಮೇಳಗಳು ಗೆಜ್ಜೆ ಬಿಚ್ಚುವ ಮೇ ತಿಂಗಳ ಆ ದಿನದ ಮರುದಿನ ಫೋನು ಮಾಡಿದರೂ ಒಳಕೋಣೆ ತೆರೆಯುವುದಿಲ್ಲ. ಮಳೆಗಾಲದಲ್ಲಿ ಅಲ್ಲಿ ಬೂಷ್ಟು ಹಿಡಿಯದಂತೆ ವಾರಕ್ಕೊಮ್ಮೆ ಕೆಂಡಕ್ಕೆ ಧೂಪ ಹಾಕುತ್ತಾರೆ, ಆಗ ಹೋದರೆ ಹೊರಗಿನ ಕೋಣೆಯ ಥರ್ಮೋಕೋಲು ಮಾತ್ರ ಸಿಗುತ್ತದೆ.